ಅರಿಶಿನದ ಕೈ

ಗಚ್ಚಿಬೌಲಿಯ ಒಂದು ಫ್ಲ್ಯಾಟಿನ ಹಾಲ್‌ಗೆ ಸುಣ್ಣದಲ್ಲಿ ಇಟಾಲಿಯನ್ ಪ್ಲಾಸ್ಟರ್ ಮಾಡಿದ್ದೆ. ಈ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ. ಪುಸ್ತಕ ಓದಿ, ನನ್ನ ಮನೆಯ ಬಚ್ಚಲಗೋಡೆಯನ್ನೇ ಮೂರು ಸಲ ಕೆಡಿಸಿ ಕಲಿತದ್ದು. ಉಜ್ಜಿ ಉಜ್ಜಿ ಅಮೃತಶಿಲೆಯಂತೆ ಹೊಳೆಸಿದ್ದ ಗೋಡೆಯನ್ನು ಮನೆಯೊಡತಿಗೆ ತೋರಿಸಿ, "ಒಂದು ಹನಿ ಕೆಮಿಕಲ್ ಇಲ್ಲ" ಎಂದು ಜಂಬದಿಂದ ಹೇಳಿ ಬಂದಿದ್ದೆ.

ಮರುದಿನ ಬೆಳಿಗ್ಗೆಯೇ ಅವಳ ಫೋನು. ಹೋಗಿ ನೋಡಿದರೆ ಗೋಡೆಯ ನಟ್ಟನಡುವೆ ರಕ್ತದಂಥ ಅಂಗೈ ಗುರುತು! ಗೃಹಪ್ರವೇಶಕ್ಕೆ ವಿಜಯಪುರದಿಂದ ಬಂದಿದ್ದ ಅವಳ ಅತ್ತೆ, ಶುಭವಾಗಲೆಂದು ಅರಿಶಿನದ ಕೈ ಒತ್ತಿದ್ದರಂತೆ.

"ಅರಿಷಿಣ ಹಚ್ಚಿದ್ರ ಕೆಂಪ ಆತ್ರಿ! ಮನಿಗೆ ಯಾರದೋ ಕಣ್ಣು ಬಿದ್ದೈತಿ," ಎಂದರು ಅತ್ತೆ.

"ಕೆಮಿಕಲ್ ಇಲ್ಲ ಅಂದಿದ್ರಲ್ರೀ ಮೇಡಂ? ಪೂರಾ ಕೆತ್ತಿ ತೆಗೀರಿ," ಎಂದಳು ಸೊಸೆ.

ಹದಿನೈದು ದಿನದ ಕೆಲಸ! ಜಪ್ಪಯ್ಯ ಅಂದರೂ ಕೆತ್ತುವವಳಲ್ಲ ನಾನು. ಅತ್ತೆಯ ಕಡೆ ತಿರುಗಿದೆ. "ಅವ್ವಾರ, ಆರತಿ ನೀರು ಕೆಂಪ ಆಗಾಕ ಏನ್ ಹಾಕ್ತೀರಿ?"

"ಅರಿಷಿಣ, ಸುಣ್ಣ..." ಎನ್ನುತ್ತಲೇ ಗೋಡೆಯ ಕಡೆ ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು. "ಗ್ವಾಡೀನ ಮನಿಗೆ ಆರತಿ ಮಾಡೈತಿ! ಇದನ್ನ ಯಾರೂ ಮುಟ್ಟಬ್ಯಾಡ್ರಿ."

ಮೇಲೊಂದು ಪದರ ಎಳೆದು ಮುಚ್ಚಿಕೊಡುತ್ತೇನೆಂದು ನಾನೇ ಬೇಡಿಕೊಂಡರೂ ಬಿಡಲಿಲ್ಲ. ಮನೆಗೆ ಬಂದವರು ಈಗ ಹೊಗಳುವುದು ನನ್ನ ಹೊಳಪನ್ನಲ್ಲ, ಆ ಕೈಯನ್ನು. ಮೊನ್ನೆ ಮೇಲಿನ ಫ್ಲ್ಯಾಟಿನವರೂ ಗೋಡೆ ಮಾಡಿಸಲು ಕರೆದಿದ್ದರು. ಅವರದು ಒಂದೇ ಷರತ್ತು: ಕೆಲಸ ಮುಗಿದ ದಿನ ಆ ಕೈ ಒತ್ತಿದ ಅಜ್ಜಿಯನ್ನೂ ನಾನೇ ಕರೆದುಕೊಂಡು ಬರಬೇಕಂತೆ.