ಹೂವಿನ ಲೆಕ್ಕದ ಹನ್ನೆರಡು ವಾರ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಹೇಳಹೊರಟಿರುವ ಎರಡು ದಿನಗಳಲ್ಲಿ ನಾನು ಮೂರು ಜನರಿಗೆ ಬೈದೆ. ಅವರಲ್ಲಿ ಒಬ್ಬ ಮಾತ್ರ ಬೈಸಿಕೊಳ್ಳಲು ಲಾಯಕ್ಕಾಗಿದ್ದ. ಯಾರ ಹೆಸರನ್ನೂ ಬರೆಯುವುದಿಲ್ಲ. ಗರ್ಭ ತೆಗೆಸಿಕೊಂಡ ಹೆಂಗಸಿನ ಹೆಸರನ್ನು ಗುಟ್ಟಾಗಿ ಇಡಬೇಕೆಂದು ಕಾನೂನೇ ಹೇಳುತ್ತದೆ. ಅವಳ ಹೆಸರೇ ಬೇಡವೆಂದ ಮೇಲೆ ಉಳಿದವರದ್ದು ಯಾಕೆ?

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆಲ್ದೂರಿನ ಹತ್ತಿರದ ಒಂದು ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದೆ. ಕಡೂರಿನ ಕಡೆಯವಳು ನಾನು. ತೆಂಗು, ರಾಗಿ, ಕೆಂಪು ಧೂಳು ನೋಡಿಕೊಂಡು ಬೆಳೆದವಳು. ಕಾಫಿಯೆಂದರೆ ಲೋಟದಲ್ಲಿ ಇರುವುದು ಅಂತಷ್ಟೇ ಗೊತ್ತಿತ್ತು. ಜೂನ್ ತಿಂಗಳಲ್ಲಿ ಟ್ರಂಕು ಹೊತ್ತುಕೊಂಡು ಬಂದು ಇಳಿದ ದಿನ ಸುರಿದ ಮಳೆ ನೋಡಿ, ಹೋದರೆ ಸಾಕು ಊರಿಗೆ ಅನ್ನಿಸಿತ್ತು. ಹೋಗಲಿಲ್ಲ. ಎರಡು ಕೋಣೆ, ಒಂದು ತಕ್ಕಡಿ, ಲಸಿಕೆಯ ಡಬ್ಬ, ಕಾಲು ಅಲುಗಾಡುವ ಒಂದು ಮೇಜು ನನ್ನ ಪಾಲಿಗೆ ಬಂದವು. ಸುತ್ತಲಿನ ಎಸ್ಟೇಟುಗಳ ಹೆಂಗಸರೆಲ್ಲ ಒಂದೇ ತಿಂಗಳಲ್ಲಿ ನನ್ನನ್ನು 'ನರ್ಸಮ್ಮ' ಮಾಡಿಬಿಟ್ಟರು. ಆಗ ನನಗಿನ್ನೂ ಇಪ್ಪತ್ತಮೂರು ವರ್ಷ.

ಬಸುರಿ ಹೆಂಗಸು ಬಂದರೆ ಮೊದಲು ಕೇಳಬೇಕಾದದ್ದು ಕೊನೆಯ ಮುಟ್ಟಿನ ತಾರೀಕು. ಕೇಳಿದೆ. ಯಾರಿಗೂ ತಾರೀಕು ಗೊತ್ತಿರಲಿಲ್ಲ. ಆದರೆ ಲೆಕ್ಕ ಗೊತ್ತಿತ್ತು, ಅವರದೇ ಲೆಕ್ಕ. "ಹಣ್ಣು ಕೊಯ್ಯಕ್ಕೆ ಶುರು ಮಾಡಿದ ವಾರ." "ಮೆಣಸು ಇಳಿಸ್ತಿದ್ವಲ್ಲ, ಆವಾಗ." "ಗಿಡ ಸವರೋ ಕಪಾತು ಮುಗೀತು, ಮಾರನೇ ದಿನ." ಮೊದಮೊದಲು ತಲೆ ಚಚ್ಚಿಕೊಂಡೆ. ಆಮೇಲೆ ಎಸ್ಟೇಟಿನ ಕೆಲಸಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ತಿಂಗಳವಾರು ಬರೆದುಕೊಂಡು, ಅವರು ಕೆಲಸ ಹೇಳಿದರೆ ನಾನು ತಾರೀಕು ಹೇಳುವಷ್ಟು ಪಳಗಿದೆ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು. ಆ ಜಂಬವೇ ಆಮೇಲೆ ಒಬ್ಬಳ ಪ್ರಾಣಕ್ಕೆ ಬರುವುದರಲ್ಲಿತ್ತು.

ನನ್ನ ಚೀಲದಲ್ಲಿ ಇನ್ನೊಂದು ವಸ್ತು ಯಾವಾಗಲೂ ಇರುತ್ತಿತ್ತು. ಗರ್ಭಪಾತದ ಕಾನೂನಿನ ನಾಲ್ಕು ಹಾಳೆಯ ಜೆರಾಕ್ಸ್. ತರಬೇತಿಯಲ್ಲಿ ಕೊಟ್ಟಿದ್ದರು. ಬೇರೆಯವರು ಅದನ್ನು ಎಲ್ಲಿಟ್ಟರೋ ಗೊತ್ತಿಲ್ಲ, ನಾನು ಬಾಯಿಪಾಠ ಮಾಡಿದ್ದೆ. ಅದಕ್ಕೊಂದು ಕಾರಣ ಇತ್ತು. ನಾನು ಹುಟ್ಟುವ ಮೊದಲೇ ನಮ್ಮ ಸೋದರತ್ತೆ ಒಬ್ಬರು ಯಾವಳೋ ಸೂಲಗಿತ್ತಿಯ ಕೈಯಲ್ಲಿ ಗರ್ಭ ಇಳಿಸಲು ಕಡ್ಡಿ ಹಾಕಿಸಿಕೊಂಡು, ನಂಜಾಗಿ, ಮೂರೇ ದಿನಕ್ಕೆ ತೀರಿಕೊಂಡರು. ಆಗ ಈ ಕಾನೂನು ಇರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಡಾಕ್ಟರಿಗೂ ಜೈಲು, ಹೆಂಗಸಿಗೂ ಜೈಲು. ನಮ್ಮಜ್ಜಿ ಸಾಯುವ ತನಕ ಆ ಮಗಳ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಆ ನಾಲ್ಕು ಹಾಳೆ ಓದುವಾಗ ನನಗೆ ಅಜ್ಜಿಯ ನೆನಪಾಗುತ್ತಿತ್ತು.

ಮಾರನೇ ವರ್ಷದ ಮೇ ತಿಂಗಳ ಕೊನೆಗೆ ಅವಳು ಬಂದಳು. ಹತ್ತಿರದ ಎಸ್ಟೇಟಿನ ಮೇಲಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದವಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಮೂರು ಮಕ್ಕಳು. ದೊಡ್ಡ ಹುಡುಗಿ ಎರಡನೇ ಕ್ಲಾಸು, ಕೊನೆಯದಕ್ಕೆ ಒಂಬತ್ತು ತಿಂಗಳು. ಆ ಕೊನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಎಸ್ಟೇಟಿನ ಜೀಪಿನಲ್ಲಿ ಮಲಗಿಸಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದ್ದೆವು. ಇನ್ನೊಂದು ಹೆತ್ತರೆ ಇವಳು ಉಳಿಯುವುದು ಕಷ್ಟ ಎಂದು ಅಲ್ಲಿನ ಡಾಕ್ಟರಮ್ಮ ನನ್ನೆದುರೇ ಹೇಳಿದ್ದರು. ಗಂಡ ಕೆಟ್ಟವನಲ್ಲ. "ನಿಂಗೇನಾದ್ರೂ ಆದ್ರೆ ಈ ಮೂರನ್ನ ನಾನೇನ್ ಮಾಡ್ಲಿ" ಎಂದು ಅತ್ತಿದ್ದ ಗಂಡಸು.

"ನಿಂತಿದೆ ನರ್ಸಮ್ಮ. ತೆಗೆಸ್ಬೇಕು" ಅಂದಳು, ನೆಲ ನೋಡಿಕೊಂಡು.

"ಕೊನೆಗೆ ಮುಟ್ಟಾಗಿದ್ದು ಯಾವಾಗ?"

"ಹೂವಾದಾಗ. ತೋಟ ಎಲ್ಲ ಬೆಳ್ಳಗಿತ್ತು. ಹೊಟ್ಟೆ ನೋವು ಅಂತ ಎರಡು ದಿನ ಕೆಲಸಕ್ಕೇ ಹೋಗ್ಲಿಲ್ಲ."

ಹಾಲು ಕುಡಿಸುವ ಹೆಂಗಸರಿಗೆ ಮುಟ್ಟು ಒಂದು ತಿಂಗಳು ಬಂದರೆ ಇನ್ನೆರಡು ತಿಂಗಳು ಇರುವುದಿಲ್ಲ. ಅದಕ್ಕೇ ಎಷ್ಟು ತಿಂಗಳು ತಪ್ಪಿತು ಎಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಹೂವು ಸಾಕಿತ್ತು. ಕಾಫಿ ಹೂವನ್ನು ನಾನು ಆ ವರ್ಷವೇ ಮೊದಲ ಸಲ ನೋಡಿದ್ದು. ಶಿವರಾತ್ರಿಯ ಸುಮಾರಿಗೆ, ನಮ್ಮ ಉಪಕೇಂದ್ರದ ಪಕ್ಕದ ತೋಟದಲ್ಲಿ. ಕಿಟಕಿ ತೆಗೆದರೆ ಪರಿಮಳಕ್ಕೆ ತಲೆ ತಿರುಗುತ್ತಿತ್ತು. ಬೆರಳು ಮಡಚಿ ಎಣಿಸಿದೆ. ಹದಿಮೂರು ವಾರ.

"ಹದಿಮೂರು ವಾರ! ಇಷ್ಟು ದಿನ ಏನ್ ಮಾಡ್ತಿದ್ದೆ ಮಾರಾಯ್ತಿ? ನಿದ್ದೆ ಹೊಡೀತಿದ್ಯಾ?"

ಇದು ಮೊದಲ ಬೈಗುಳ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ. ಹಾಳೆ ಬಿಚ್ಚಿ ಕಾನೂನು ಹೇಳಿದೆ. ಹನ್ನೆರಡು ವಾರದೊಳಗಾದರೆ ಒಬ್ಬ ಡಾಕ್ಟರು ಒಪ್ಪಿದರೆ ಸಾಕು, ಪೇಟೆಯ ಆಸ್ಪತ್ರೆಯಲ್ಲೇ ಆಗುತ್ತದೆ. ಹನ್ನೆರಡು ದಾಟಿದರೆ, ಇಪ್ಪತ್ತರ ತನಕ, ಇಬ್ಬರು ಡಾಕ್ಟರು ಒಪ್ಪಬೇಕು. ಪೇಟೆಯಲ್ಲಿ ಅಂಥವರು ಇರುವುದೇ ಒಬ್ಬರು. ಹಾಗಾಗಿ ಚಿಕ್ಕಮಗಳೂರಿಗೇ ಹೋಗಬೇಕು, ನಾಲ್ಕೈದು ದಿನ ಅಲ್ಲೇ ಇರಬೇಕಾಗಬಹುದು. ಮೊಲೆ ಬಿಡದ ಕೂಸು, ಇನ್ನೆರಡು ಮಕ್ಕಳು. ಗಂಡ ಬೇರೆ ಆ ವಾರ ಕಳಸದ ಕಡೆ ಮರಗಸಿಗೆ, ನೆರಳಿನ ಮರ ಸವರುವ ಕೆಲಸಕ್ಕೆ, ಹೋಗಿದ್ದ.

ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಓದಲು ಬರುತ್ತಿರಲಿಲ್ಲ.

"ಕಾನೂನಲ್ಲಿ ಹಂಗಿದ್ರೆ ಏನ್ ಮಾಡಕಾಗತ್ತೆ, ಬಿಡಿ" ಎಂದು ಎದ್ದು ಹೋದಳು.

ಹೊಟ್ಟೆ ಮುಟ್ಟಿ ನೋಡಿದ್ದರೆ ಆವಾಗಲೇ ಗೊತ್ತಾಗುತ್ತಿತ್ತು. ಮುಟ್ಟಲಿಲ್ಲ. ಅಷ್ಟು ನಂಬಿಕೆ, ನನ್ನ ಎಣಿಕೆಯ ಮೇಲೆ.

ಮಾರನೇ ಬೆಳಿಗ್ಗೆ ರಿಜಿಸ್ಟರು ತುಂಬಲು ಕೂತೆ. 'ಹೂವಾದಾಗ' ಎಂದು ಬರೆದರೆ ಮೇಲಿನವರು ಉಗಿಯುತ್ತಾರೆ. ಸರಿಯಾದ ತಾರೀಕು ಬೇಕು. ಹೇಗೂ ಎಸ್ಟೇಟಿನಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ರೈಟರು ಆಫೀಸಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದರು. ಆಳುಗಳ ಹಾಜರಿ ಬರೆದು ಬರೆದು ಬೆನ್ನು ಬಾಗಿದ, ಯಾರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ.

"ಈ ವರ್ಷ ಹೂವಾಗಿದ್ದು ಯಾವ ತಾರೀಕು ರೈಟರೇ?"

"ಯಾವ ಹೂವು ಸಿಸ್ಟರೇ?"

"ಕಾಫಿ ಹೂವು! ಮಲ್ಲಿಗೆ ಹೂವು ಕೇಳ್ತೀನಾ ನಿಮ್ಮನ್ನ?"

ರೈಟರು ನಿಧಾನಕ್ಕೆ ಲೋಟ ಕೆಳಗಿಟ್ಟರು. "ಕಾಫಿ ಅಂದ್ರೆ ಸಾಲ್ದು ಮಾರಾಯ್ರೇ. ಕೆಳಗಿನ ತೋಟ ರೋಬಸ್ಟಾ. ಕೆರೆ ನೀರು ಎತ್ತಿ ಸ್ಪ್ರಿಂಕ್ಲರ್ ಹೊಡೆಸಿದ್ವಿ, ಶಿವರಾತ್ರಿ ಹೊತ್ತಿಗೆ ಹೂವಾಯ್ತು. ಮೇಲಿಂದು ಅರೇಬಿಕ. ಅದಕ್ಕೆ ಮಳೆನೇ ಬರ್ಬೇಕು. ಈ ಸಲ ಮಳೆ ಬಂದಿದ್ದೇ ಲೇಟು. ಯುಗಾದಿ ಕಳೆದ ಮೇಲೆ ಹೂವಾಯ್ತು ಅಲ್ಲಿ."

ನಮ್ಮ ಉಪಕೇಂದ್ರದ ಪಕ್ಕದ್ದು ಆ ಕೆಳಗಿನ ತೋಟವೇ. ಯುಗಾದಿಗೆ ನಾನು ಊರಿಗೆ ಹೋಗಿದ್ದೆ. ಕಾಫಿ ಹೂವಿನ ಆಯುಸ್ಸು ಎರಡು ಮೂರು ದಿನ. ರಜೆ ಮುಗಿಸಿ ಬರುವಷ್ಟರಲ್ಲಿ ಮೇಲಿನ ತೋಟದ ಹೂವೆಲ್ಲ ಕಂದಿಹೋಗಿರಬೇಕು. ಅವಳು ಮೇಲಿನ ಲೈನಿನವಳು. ಮೇಲಿನ ತೋಟದಲ್ಲಿ ಕೆಲಸ ಮಾಡುವವಳು. ಮತ್ತೆ ಎಣಿಸಿದೆ. ಎಂಟು ವಾರವೂ ತುಂಬಿರಲಿಲ್ಲ.

"ಎರಡೆರಡು ಸಲ ಹೂವಾಗತ್ತೆ ಅಂತ ಮೊದಲೇ ಹೇಳಕ್ಕೆ ಏನಾಗಿತ್ತು ನಿಮಗೆ?" ಎಂದು ಕೂಗಿದೆ.

"ನೀವು ಕೇಳಿದ್ರೆ ತಾನೇ?" ಅಂದರು ಪಾಪ, ಕಂಗಾಲಾಗಿ. ಇದು ಎರಡನೇ ಬೈಗುಳ.

ಲಸಿಕೆಯ ಡಬ್ಬವನ್ನು ಅಲ್ಲೇ ಇಟ್ಟು ಏರು ಹತ್ತಿ ಮೇಲಿನ ಲೈನಿಗೆ ಓಡಿದೆ. ಅವಳ ಮನೆಗೆ ಚಿಲಕ ಹಾಕಿತ್ತು. ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಅವಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವಳು ಜಾವಳಿಗೆ ಹೋದ್ಲು ನರ್ಸಮ್ಮ. ನೆಂಟರ ಮನೆ ಅಂದ್ಲು." ಆಮೇಲೆ ದನಿ ತಗ್ಗಿಸಿದಳು. "ಅವಳಿಗೆ ಅಲ್ಲಿ ಯಾವ ನೆಂಟರೂ ಇಲ್ಲ. ಆ ಕಡೆ ಒಬ್ಬಳು ಮುದುಕಿ ಇದಾಳಂತೆ. ಕಡ್ಡಿ ಹಾಕ್ತಾಳಂತೆ."

ನಮ್ಮತ್ತೆಯ ಕಾಲದಲ್ಲಿ ಕಾನೂನು ಇರಲಿಲ್ಲ, ಹೋದರು. ಇವಳ ಕಾಲಕ್ಕೆ ಕಾನೂನು ಇದೆ, ಅದನ್ನು ಬಾಯಿಪಾಠ ಮಾಡಿದ ನಾನೇ ಇವಳನ್ನು ಕಡ್ಡಿಯ ಕೈಗೆ ಕಳಿಸಿದ್ದೆ. ಏರು ಇಳಿದು ಗೇಟಿನ ತನಕ ಹೇಗೆ ಬಂದೆನೋ ನೆನಪಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು ಎನ್ನುವುದು ಮಾತ್ರ ನೆನಪಿದೆ.

ಜಾವಳಿಗೆ ಹೋಗಬೇಕೆಂದರೆ ಮೊದಲು ಹತ್ತು ಗಂಟೆಯ ಬಸ್ಸಿನಲ್ಲಿ ಪೇಟೆಗೆ ಹೋಗಿ, ಅಲ್ಲಿ ಕಳಸದ ಬಸ್ಸು ಹತ್ತಬೇಕು. ಹತ್ತು ಗಂಟೆಯ ಬಸ್ಸು ಒಂದು ದಿನವೂ ಹತ್ತಕ್ಕೆ ಬಂದದ್ದಿಲ್ಲ. ಆ ಡ್ರೈವರಿಗೆ ನಾನು ಹಾಕದ ಶಾಪವಿರಲಿಲ್ಲ. ಆವತ್ತು ಹತ್ತೂವರೆಗೂ ಬಂದಿರಲಿಲ್ಲ. ಅವಳು ಗೇಟಿನೆದುರಿನ ಕಿಲೋಮೀಟರ್ ಕಲ್ಲಿನ ಮೇಲೆ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. ನನ್ನ ಒಂಟಿ ಚಪ್ಪಲಿ ನೋಡಿ ಗಾಬರಿಯಿಂದ ಎದ್ದಳು.

ಉಸಿರು ಬಂದ ಮೇಲೆ ಹೇಳಿದೆ. "ನಂದೇ ತಪ್ಪು. ನಾನು ಲೆಕ್ಕ ಹಾಕಿದ್ದು ಶಿವರಾತ್ರಿ ಹೂವಿಂದ. ಕೆಳಗಿನ ತೋಟದ್ದು."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. "ಕೆಳಗಿಂದು ರೋಬಸ್ಟಾ ಅಲ್ವಾ?"

"ಹೂಂ."

"ಅಯ್ಯೋ ನರ್ಸಮ್ಮ! ಅದು ಸಣ್ಣ ಮಕ್ಕಳಿಗೂ ಗೊತ್ತಲ್ಲ!" ಎಂದು ನಗಲು ಶುರು ಮಾಡಿದಳು. ನಕ್ಕು ನಕ್ಕು, ಹಾಗೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತಿದ ಬಸ್ಸು ಅವಳು ಕಾಯುತ್ತಿದ್ದದ್ದೇ, ಪೇಟೆಯಲ್ಲಿ ಹೋದ ದಾರಿ ಮಾತ್ರ ಬೇರೆ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಗುಮಾಸ್ತ ತಲೆ ಎತ್ತದೆ ಕೇಳಿದ. "ಗಂಡ ಎಲ್ಲಿ?"

"ಕಳಸದ ಕಡೆ ಕೆಲಸಕ್ಕೆ ಹೋಗಿದಾನೆ."

"ಬಂದ ಮೇಲೆ ಕರ್ಕೊಂಡ್ ಬನ್ನಿ. ಗಂಡನ ಸಹಿ ಇಲ್ದೆ ಆಗಲ್ಲ."

ನಾಲ್ಕು ಹಾಳೆ ತೆಗೆದು ಅವನ ಮೇಜಿನ ಮೇಲೆ ಬಡಿದೆ. "ಹದಿನೆಂಟು ವರ್ಷ ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡ ಅನ್ನೋ ಪದ ಇಲ್ಲಿ ಎಲ್ಲಿದೆ ತೋರಿಸ್ರೀ!"

"ಎಲ್ಲರ ಹತ್ರನೂ ತಗೋತೀವಿ ಮೇಡಂ. ರೂಢಿ."

"ರೂಢಿಗೆ ಬೆಂಕಿ ಹಾಕ! ನಿಮ್ಮ ರೂಢಿ ಕಾಯ್ತಾ ಕೂತ್ರೆ ಇವಳಿಗೆ ಹನ್ನೆರಡು ವಾರ ಇಲ್ಲೇ ತುಂಬತ್ತೆ!"

ಮೂರನೇ ಬೈಗುಳ. ಇದಕ್ಕೆ ಮಾತ್ರ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಗಲಾಟೆಗೆ ಒಳಗಿನಿಂದ ಡಾಕ್ಟರಮ್ಮ ಬಂದರು. ಹಾಳೆ ನೋಡಲಿಲ್ಲ, ಅವರಿಗೆ ಗೊತ್ತಿತ್ತು. ಇವಳನ್ನು ನೋಡಿದವರೇ ಗುರುತು ಹಿಡಿದು ಒಳಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು.

"ಏಳೆಂಟು ವಾರ ಅಷ್ಟೆ. ಏನೂ ಹೆದರಿಕೆ ಇಲ್ಲ" ಅಂದರು. "ಹದಿಮೂರು ಅಂದವರ್ಯಾರು?"

ನಾನು ಗೋಡೆ ನೋಡಿದೆ. ನನ್ನ ಪಕ್ಕದಲ್ಲಿದ್ದವಳು ಬಾಯಿ ಬಿಡಲಿಲ್ಲ, ದೊಡ್ಡ ಮನಸ್ಸು ಅವಳದ್ದು.

ಒಪ್ಪಿಗೆಯ ಕಾಗದವನ್ನು ಡಾಕ್ಟರಮ್ಮ ತಾವೇ ಓದಿ ಹೇಳಿದರು. ಅವಳು ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಕಾಗದದ ಮೇಲೆ ಇಡುವ ಮೊದಲು ಕೈ ತಡೆದಳು.

"ನನ್ನದೊಂದೇ ಸಾಕಾ ಅಮ್ಮ?"

"ನಿಂದೊಂದೇ."

ಒತ್ತಿದಳು. ಎಷ್ಟು ಒತ್ತಿ ಹಿಡಿದಳೆಂದರೆ ಡಾಕ್ಟರಮ್ಮನೇ "ಸಾಕಮ್ಮಾ, ಬಿತ್ತು" ಎಂದು ಕಾಗದ ಎಳೆದುಕೊಳ್ಳಬೇಕಾಯಿತು. ಮಧ್ಯಾಹ್ನವೇ ಎಲ್ಲ ಮುಗಿಯಿತು, ಸಂಜೆಯ ಬಸ್ಸಿಗೆ ನಾವು ವಾಪಸ್ಸು. ದಾರಿಯಲ್ಲಿ ಅವಳಿಗೆ ಬನ್ನು, ಬಿಸಿ ಹಾಲು ಕೊಡಿಸಿದೆ. ನನಗೆ ಹೊಸ ಚಪ್ಪಲಿ ಕೊಂಡೆ. ಮಳೆಗಾಲ ಕಳೆದ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡಿಸಿಕೊಂಡಳು.

ರೈಟರಿಗೆ ನಾನು ಯಾರ ವಿಷಯವನ್ನೂ ಹೇಳಲಿಲ್ಲ. ಆದರೆ ಕಡೂರಿನ ಸಿಸ್ಟರಿಗೆ ರೋಬಸ್ಟಾ ಅರೇಬಿಕ ವ್ಯತ್ಯಾಸ ಗೊತ್ತಿಲ್ಲ ಎನ್ನುವ ಸುದ್ದಿ ಮೂರು ಎಸ್ಟೇಟು ದಾಟಿತು. ದಾರಿಯಲ್ಲಿ ಸಿಕ್ಕವರೆಲ್ಲ "ಯಾವ ಹೂವು ನರ್ಸಮ್ಮ?" ಎಂದು ಕೇಳಿ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ನೋಟುಬುಕ್ಕಿನಲ್ಲಿ ಹೂವಿಗೆ ಎರಡು ಕಾಲಂ ಮಾಡಿಕೊಂಡೆ. ಎಷ್ಟೋ ಹೆಂಗಸರನ್ನು ಆಮೇಲೆ ಪೇಟೆಗೆ ಕರೆದುಕೊಂಡು ಹೋಗಿದ್ದೇನೆ. ಎಲ್ಲರ ಹೊಟ್ಟೆಯನ್ನೂ ಮೊದಲು ಮುಟ್ಟಿ ನೋಡಿದೆ. ಆ ಗುಮಾಸ್ತ ನನ್ನ ಮುಖ ಕಂಡರೆ ಸಾಕು, ಗಂಡನ ಮಾತೆತ್ತದೆ ಚೀಟಿ ಬರೆಯುತ್ತಿದ್ದ. ಎರಡು ಸಾವಿರದ ನಂತರ ಕಾನೂನಿಗೆ ತಿದ್ದುಪಡಿ ಬಂತು, ಮಾತ್ರೆಗಳು ಬಂದವು. ಹನ್ನೆರಡರ ಗೆರೆ ಹಾಗೇ ಇತ್ತು. ನನ್ನ ಜೆರಾಕ್ಸು ಮಡಿಕೆಯಲ್ಲಿ ಹರಿದು, ಮೂರು ಸಲ ಹೊಸದು ಮಾಡಿಸಿದೆ.

ಅಷ್ಟರಲ್ಲಿ ನನಗೆ ವಸ್ತಾರೆಯ ಕಡೆಗೆ ವರ್ಗವಾಗಿತ್ತು. ಒಂದು ದಿನ ಬೆಳಿಗ್ಗೆ ಅವಳು ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ಹಿಂದೆ ದೊಡ್ಡ ಮಗಳು, ಅದೇ ಎರಡನೇ ಕ್ಲಾಸಿನ ಹುಡುಗಿ. ವಸ್ತಾರೆಗೇ ಮದುವೆ ಮಾಡಿ ಕೊಟ್ಟಿದ್ದರಂತೆ. ಈಗ ಚೊಚ್ಚಲ ಬಸುರಿ.

ಕಾರ್ಡು ತೆಗೆದು, ಅಭ್ಯಾಸಬಲದಿಂದ ಕೇಳಿದೆ. "ಯಾವ ಹೂವು?"

ಹುಡುಗಿ ಬಾಯಿ ತೆರೆಯುವ ಮೊದಲೇ ತಾಯಿ ಸೊಂಟದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ತಾರೀಕು ಬರೆಸ್ಕೊಂಡೇ ಬಂದಿದೀನಿ. ನಿಮ್ಮ ಹೂವಿನ ಲೆಕ್ಕ ನಂಬ್ಕೊಂಡು ನಾನೊಂದ್ಸಲ ಕೆಟ್ಟಿದ್ದು ಸಾಕು."

ಮೂವರೂ ನಕ್ಕೆವು. ಹುಡುಗಿಗೆ ಯಾಕೆಂದು ಗೊತ್ತಿರಲಿಲ್ಲ, ಆದರೂ ನಕ್ಕಳು. ಅವಳನ್ನು ತೂಕ ನೋಡಲು ಪಕ್ಕದ ಕೋಣೆಗೆ ಕಳಿಸಿದೆ. ತಾಯಿ ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ಹೇಳಿದಳು.

"ಬಾಣಂತನ ನಾನೇ ಮಾಡ್ತೀನಿ ನರ್ಸಮ್ಮ. ನೀರು ಕಾಯ್ಸದು, ಖಾರ ಅರೆಯದು, ಎಲ್ಲ ನಾನೇ. ಆವತ್ತು ಬಸ್ಸು ಟೈಮಿಗೆ ಬಂದಿದ್ರೆ ಇವಳಿಗೆ ಯಾರಿರ್ತಿದ್ರು ಹೇಳಿ?"

ಚೀಟಿ ನೋಡಿ ಕಾರ್ಡಿನಲ್ಲಿ ತಾರೀಕು ಬರೆದೆ. ಹುಡುಗಿ ತಕ್ಕಡಿಯ ಮೇಲೆ ನಿಂತು ಒಳಗಿನಿಂದ "ಅಮ್ಮಾ, ಬಾ ಇಲ್ಲಿ" ಎಂದು ಕರೆದಳು. ಅವಳು ಹೋದಳು.