ಕಾರ್ಮಿಕ ಮಹಿಳೆ ಮೂರು

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತವರೂರೇ ಹೆಸರು. ಕರ್ಜಗಿಯಾಕಿ, ಮೋಟೆಬೆನ್ನೂರಾಕಿ, ಹಲಗೇರಿಯಾಕಿ. ಹಲಗೇರಿಯಾಕಿ ಎಂದರೆ ಉಚ್ಚಂಗೆವ್ವ. ಲಗ್ನವಾಗಿ ಬಂದ ವರ್ಷವೇ ಈ ಕೆಲಸಕ್ಕೆ ಕೂತವಳು, ಈಗ ಅರವತ್ತು ದಾಟಿತ್ತು. ಗಂಡ ಇದ್ದಷ್ಟು ದಿನ 'ಏ' ಎಂದ, ಮಕ್ಕಳು ಅವ್ವ ಎಂದರು, ಮೊಮ್ಮಕ್ಕಳು ಆಯಿ ಎಂದರು. ಉಚ್ಚಂಗೆವ್ವ ಎಂಬ ಹೆಸರು ಆಧಾರ್ ಕಾರ್ಡಿನೊಳಗೆ ಬೆಚ್ಚಗೆ ಮಲಗಿತ್ತು.

ನಾನು ಫರ್ಹಾನಾ. ಅದೇ ಊರಿನವಳು, ಹಾವೇರಿಯಲ್ಲಿ ಎಂ.ಎ. ಓದುತ್ತಿದ್ದೆ. ಕಾಲೇಜಿನ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಬೇಕಿತ್ತು; ಈ ಹೆಂಗಸರ ದುಡಿಮೆ ಮತ್ತು ಆರೋಗ್ಯ ಎಂಬ ವಿಷಯ ಆರಿಸಿಕೊಂಡೆ. ಪ್ರಶ್ನೆಗಳ ಹಾಳೆ ಹಿಡಿದು ದೊಡ್ಡ ಮನುಷ್ಯಳಂತೆ ಶೆಡ್ಡಿಗೆ ಹೋದರೆ ಒಬ್ಬರೂ ಬಾಯಿ ಬಿಡಲಿಲ್ಲ. ಘಾಟಿಗೆ ಕೆಮ್ಮಿ ಕೆಮ್ಮಿ ನಾನೇ ಸುಸ್ತಾದೆ. ಮೂರನೇ ದಿನ ಉಚ್ಚಂಗೆವ್ವನಿಗೆ ಕನಿಕರ ಬಂತು.

"ಕುಂದ್ರು ತಂಗಿ, ಹೇಳ್ತೇನಿ. ಆದ್ರ ಅಲ್ಲಿ ನನ್ನ ಹೆಸರು ಓದಬೇಕು."

"ಓದ್ತೇನಿ ಆಯಿ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಯೋಚನೆ ಮಾಡದೆ ಆಡಿಬಿಟ್ಟೆ. ಆಕೆ ಹೇಳಿದ್ದು ನೋಡಿ ಪಕ್ಕದ ಕರಿಯವ್ವ, ಬಿಸ್ಮಿಲ್ಲಾಬಿ ಕೂಡ ಹೇಳಿದರು, ಅದೇ ಕರಾರಿನ ಮೇಲೆ.

ನನ್ನ ಮಾರ್ಗದರ್ಶಕಿ ಪದ್ಮಜಾ ಮೇಡಂ ಪ್ರಬಂಧ ಓದಿ ಹೆಸರುಗಳ ಮೇಲೆಲ್ಲ ಗೆರೆ ಎಳೆದರು. "ಕೆಲಸ ಕೊಡೋ ಅಂಗಡ್ಯಾವ್ರ ಬಗ್ಗೆ ಇಷ್ಟೆಲ್ಲಾ ಹೇಳ್ಯಾರ. ನಾಳೆ ಇವರನ್ನ ಕೆಲಸಕ್ಕ ಕರೀತಾರೇನು? ನಂಬರ್ ಹಾಕು." ಅವರು ಹೇಳಿದ್ದು ನ್ಯಾಯವೇ. ಆಮೇಲೆ ಬೇರೆ ಶೆಡ್ಡಿನಲ್ಲಿ ಮಾತಾಡಿಸಿದ ಇಬ್ಬರು ಪ್ರಬಂಧದಲ್ಲಿ ಮೊದಲು ಬಂದಿದ್ದರು; ಉಚ್ಚಂಗೆವ್ವ 'ಕಾರ್ಮಿಕ ಮಹಿಳೆ ಮೂರು' ಆದಳು. ಅದನ್ನು ಆಕೆಗೆ ತಿಳಿಸುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ತಳ್ಳಿದೆ. ಹಾವೇರಿತನಕ ಆಕೆ ಎಲ್ಲಿ ಬರುತ್ತಾಳೆ ಎಂಬ ಭಂಡಧೈರ್ಯ ಬೇರೆ.

ಬಂದಳು. ಕೆಲಸ ಬಿಟ್ಟು, ಇಳಕಲ್ ಸೀರೆ ಉಟ್ಟು, ಒಬ್ಬಳೇ ಬಸ್ಸು ಹತ್ತಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ವೇದಿಕೆ ಹತ್ತಿದ ಮೇಲೆಯೇ ಆಕೆಯನ್ನು ಕಂಡೆ. ಆದರೂ ಓದಿದೆ. "ಕಾರ್ಮಿಕ ಮಹಿಳೆ ಮೂರು ಹೇಳುತ್ತಾರೆ: ಸಂಜೀಕ ಎಷ್ಟ ಕೈ ತೊಳಕೊಂಡ್ರೂ ಮೊಮ್ಮಗನ್ನ ಎತ್ತಿಕೊಳ್ಳಾಕ ಆಗಂಗಿಲ್ಲ. ಮೈ ಉರೀತೈತಿ ಅಂತ ಅಳ್ತಾನ. ದೂರಿಂದ ನೋಡ್ತೇನಿ." ಸಭೆಯಲ್ಲಿ ಜೋರು ಚಪ್ಪಾಳೆ. ಉಚ್ಚಂಗೆವ್ವನೂ ಅತ್ತಿತ್ತ ನೋಡಿ ತಟ್ಟಿದಳು. ಆ ಚಪ್ಪಾಳೆ ತನ್ನದೆಂದು ಆಕೆಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಊಟದ ಹೊತ್ತಿಗೆ ಬಳಿ ಬಂದಳು. "ಚೊಲೋ ಓದಿದಿ. ನಾ ಹೇಳಿದ್ದೆಲ್ಲಾ ಬಂತು. ಹೆಸರು ಕಡೀಕ ಓದ್ತಾರೇನು?"

ನಮ್ಮ ಊರುಗಳಲ್ಲಿ ಯಾವುದೇ ಕಾರ್ಯಕ್ರಮದ ಕೊನೆಗೆ ನೆರವಾದವರ ಹೆಸರು ಓದುವುದು ರೂಢಿ. ಆಕೆ ಅದನ್ನೇ ನಂಬಿದ್ದಳು. 'ಮೊದ್ಲ ಊಟ ಮಾಡು ಆಯಿ' ಎಂದು ನಾನು ತಟ್ಟೆಯನ್ನು ಆಕೆಯ ಕೈಗಿಟ್ಟು ಸರಿದೆ. ಸಂಜೆ ಐದರವರೆಗೆ ಕದಲದೆ ಕೂತಳು. ಕಡೆಗೆ ವಂದನಾರ್ಪಣೆ ಬಂತು. ಅತಿಥಿಗಳ ಹೆಸರು ಓದಿದರು, ಅಡುಗೆಯವರ ಹೆಸರು ಓದಿದರು, ಮೈಕ್ ಸೆಟ್ಟಿನವನ ಹೆಸರನ್ನೂ ಓದಿದರು. ಪ್ರತಿ ಹೆಸರಿಗೂ ಆಕೆ ಸ್ವಲ್ಪ ಮುಂದೆ ಬಾಗಿ ಕೇಳುತ್ತಿದ್ದಳು. ನನಗೆ ನೋಡಲಾಗಲಿಲ್ಲ.

ಬ್ಯಾಡಗಿ ಬಸ್ಸಿನಲ್ಲಿ ಎಲ್ಲ ಹೇಳಿದೆ.

"ಮೂರು ಅಂದ್ರ ನಾನ?"

"ಹೂಂ ಆಯಿ."

"ಕರಿಯವ್ವ?"

"ನಾಕು."

"ಬಿಸ್ಮಿಲ್ಲಾಬಿ?"

"ಐದು."

ಕಿಟಕಿ ಕಡೆ ತಿರುಗಿ ಕೂತಳು. ನಾಲ್ಕು ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

ಮರುದಿನ ಉಳಿದವರಿಗೂ ತಪ್ಪೊಪ್ಪಿಕೊಳ್ಳೋಣವೆಂದು ಶೆಡ್ಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕರಿಯವ್ವ ಮಡಿಲು ಕೊಡವಿ ಎದ್ದು ಬಂದಳು. ಮುಖ ಅರಳಿತ್ತು.

"ಹಲಗೇರಿಯಾಕಿ ಎಲ್ಲಾ ಹೇಳಿದ್ಲು. ಮೈಕಿನ್ಯಾಗ ಕರಿಯವ್ವ ಅಂತ ಓದಿದಿಯಂತ, ಬಿಸ್ಮಿಲ್ಲಾಬಿದೂ ಓದಿದಿಯಂತ, ಎಲ್ಲಾರೂ ಚಪ್ಪಾಳಿ ಹೊಡದ್ರಂತ." ಆಮೇಲೆ ದನಿ ಇಳಿಸಿದಳು. "ಆಕೀದೊಂದ ಯಾಕ ಬಿಟ್ಟಿ, ತಂಗಿ? ಅಷ್ಟು ದೂರ ಬಂದಿದ್ಲು."

ನಾನು ಉಚ್ಚಂಗೆವ್ವನ ಕಡೆ ನೋಡಿದೆ. ಆಕೆ ತೊಟ್ಟು ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಬಿಡು, ಕರಿಯವ್ವ," ಎಂದಳು. "ಹೊತ್ತಾಗಿತ್ತು. ಹುಡುಗಿ ಏನ ಮಾಡ್ತೈತಿ."