ಸರ್ವೇಯರ ರಾಜ ನೆಗೆದದ್ದು

ನಾನು ನಿಂತಿದ್ದದ್ದು ಕೋಲಾರದ ಹಳೆಯ ಛತ್ರವೊಂದರ ಪಡುವಣ ಗೋಡೆಯ ಎರಡನೇ ಕಿಟಕಿಯ ಹೊರಗೆ, ಜಗಲಿಯ ಮೇಲೆ. ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಮಧ್ಯಾಹ್ನ ಮೂರೂವರೆ ದಾಟಿತ್ತು. ಕಿಟಕಿಯ ಬಾಗಿಲು ತೆರೆದಿತ್ತು, ಸರಳುಗಳಷ್ಟೇ ಅಡ್ಡ. ಸರಳಿನಿಂದ ಸರ್ವೇಯರು ಕೂತಿದ್ದ ಮೇಜಿಗೆ ಆರಡಿ. ಅವರ ಬಲಗೈ ನನಗೆ ಪೂರ್ತಿ ಕಾಣುತ್ತಿತ್ತು. ಆ ಕೈಯ ಕಿರುಬೆರಳು ಬಾಗುತ್ತಿರಲಿಲ್ಲ. ಯಾವುದೋ ಹೊಲದಲ್ಲಿ ಬಾಂದುಕಲ್ಲು ನೆಡಿಸುವಾಗ ಕಲ್ಲು ಜಾರಿ ಗಿಣ್ಣು ಜಜ್ಜಿಹೋಗಿತ್ತಂತೆ. ಅವರು ಚದುರಂಗದ ಕಾಯಿ ಎತ್ತಿದಾಗಲೆಲ್ಲ ಆ ಒಂದು ಬೆರಳು ತನಗೂ ಆಟಕ್ಕೂ ಸಂಬಂಧವಿಲ್ಲವೆಂಬಂತೆ ನೆಟ್ಟಗೆ ಹೊರಗೆ ಚಾಚಿಕೊಂಡಿರುತ್ತಿತ್ತು.

ಆ ಕೈ ಅಂದು ರಾಜನನ್ನು ಎತ್ತಿತು. ಆಮೇಲೆ ಆದದ್ದನ್ನು ನಾನು ಆ ವಾರವೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಾನು ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ಸರ್ವೆ ಶಾಖೆಯ ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಸರ್ವೇಯರಿಗೆ ಆಗಲೇ ನಲವತ್ತೈದು ದಾಟಿತ್ತು. ಮಾಸ್ತಿ, ಲಕ್ಕೂರು ಕಡೆಯ ಹೊಲಗಳನ್ನೆಲ್ಲ ಅಳೆದು ಬಂದವರು. ನಕ್ಷೆ ಬರೆಯುವುದನ್ನು ನನಗೆ ಕಲಿಸಿದ್ದು ಅವರೇ. ಮೊದಲ ವಾರ ನಾನು ಒಂದು ಹಳ್ಳದ ಗೆರೆಯನ್ನು ಅಂದಾಜಿನ ಮೇಲೆ ಎಳೆದಿದ್ದೆ. ರಬ್ಬರು ತೆಗೆದುಕೊಂಡು ತಾವೇ ಅಳಿಸಿದರು. "ನೋಡಿದ್ದು ಬರಿ ಕಣೋ. ಅಂದ್ಕೊಂಡಿದ್ದು ಬರೀಬೇಡ" ಎಂದರು. ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಅವರು ಭಾವಮೈದನ ಹೊಲವನ್ನೇ ಒಮ್ಮೆ ಅಳೆಯಬೇಕಾಗಿ ಬಂತು. ಪಕ್ಕದವನ ಜಮೀನಿನಲ್ಲಿ ಭಾವಮೈದ ಮೂರಡಿ ಒಳಗೆ ಬಂದಿದ್ದ. ಇವರು ಕಲ್ಲು ಕೀಳಿಸಿ ಮೂರಡಿ ಹಿಂದಕ್ಕೆ ನೆಡಿಸಿ ಬಂದರು. "ಒಂದು ತಿಂಗಳು ನಮ್ಮನೇಲಿ ಸಾರಿಗೆ ಉಪ್ಪೇ ಇರ್ಲಿಲ್ಲ" ಎಂದು ಕಚೇರಿಯಲ್ಲಿ ಹೇಳಿಕೊಂಡು ನಗುತ್ತಿದ್ದರು. ನಗುವಾಗಲೂ ಅವರ ಮುಖದಲ್ಲಿ ಸ್ವಲ್ಪ ಬಿಗುಮಾನವಿರುತ್ತಿತ್ತು. ತಾವು ತಪ್ಪು ಮಾಡುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು; ಊರಿಗೂ ಗೊತ್ತಿರಬೇಕೆಂಬ ಆಸೆ ಇತ್ತು. ಒಳ್ಳೆಯವರೆಂದ ಮಾತ್ರಕ್ಕೆ ಇದನ್ನು ಬಿಟ್ಟು ಬರೆಯಲಾರೆ.

ಸಂಜೆ ಐದೂವರೆಗೆ ಬಸ್ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯ ಜಗಲಿಯಲ್ಲಿ ಚದುರಂಗ. ನಮ್ಮ ಕಡೆಯ ಹಳೆಯ ಆಟದಲ್ಲಿ ಒಂದು ಪದ್ಧತಿ ಇತ್ತು. ರಾಜನಿಗೆ ಇನ್ನೂ ಷಾ, ಅಂದರೆ ಚೆಕ್, ಬಿದ್ದಿಲ್ಲವಾದರೆ, ಆಟಕ್ಕೆ ಒಂದೇ ಒಂದು ಸಲ, ಅವನು ಕುದುರೆಯ ಹಾಗೆ ನೆಗೆಯಬಹುದು. ಜಗಲಿಯಲ್ಲಿ ಎಲ್ಲರೂ ಹಾಗೇ ಆಡುತ್ತಿದ್ದರು. ಸರ್ವೇಯರೂ ಮೂವತ್ತು ವರ್ಷ ಹಾಗೇ ಆಡಿದವರು. ಆಮೇಲೆ ಬೆಂಗಳೂರಿನಿಂದ ನಿಯಮಗಳ ಒಂದು ಪುಸ್ತಕ ತರಿಸಿದರು. ಅದರಲ್ಲಿ ರಾಜನಿಗೆ ನೆಗೆತವಿರಲಿಲ್ಲ. ಮಾರನೆಯ ದಿನದಿಂದ ಜಗಲಿಯಲ್ಲಿ ನೆಗೆತ ಬಂದ್.

"ಏನ್ ಸಾರ್, ನಿಮ್ಮ ರಾಜನಿಗೆ ಮಂಡಿನೋವಾ?" ಎಂದ ಸೈಕಲ್ ಅಂಗಡಿಯವನು.

"ನೀನಾಡೋದು ಈ ಜಗಲಿ ಆಟ ಕಣೋ. ಇದು ಪ್ರಪಂಚದ ಆಟ. ಪ್ರಪಂಚದಲ್ಲಿ ರಾಜ ನೆಗೆಯಂಗಿಲ್ಲ."

ಯಾರಾದರೂ ಮರೆತು ನೆಗೆಸಿದರೆ ಸರ್ವೇಯರು ಕೈ ಹಿಡಿದು ಹಿಂದಕ್ಕೆ ಇಡಿಸುತ್ತಿದ್ದರು. ಒಬ್ಬ ಮುದುಕರು ಇದೇ ಕಾರಣಕ್ಕೆ ಜಗಲಿಗೆ ಬರುವುದನ್ನೇ ಬಿಟ್ಟರು.

ಕೋಲಾರದ ಪಂದ್ಯಕ್ಕೆ ಅವರು ಹೋದದ್ದು ಅದು ಮೂರನೇ ಸಲ. ಸೋತವರು ಮನೆಗೆ ಹೋಗುವ ಪದ್ಧತಿ. ಕೊನೆಗೆ ಉಳಿಯುವ ಇಬ್ಬರನ್ನು ಬೆಂಗಳೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಕಳಿಸುತ್ತಿದ್ದರು. ಹಿಂದಿನ ಎರಡು ವರ್ಷವೂ ಇವರು ಆ ಇಬ್ಬರಲ್ಲಿ ಸೇರಲು ಒಂದೇ ಒಂದು ಆಟ ಉಳಿದಿರುವಾಗ ಸೋತಿದ್ದರು. ಈ ಸಲ ಆಟಗಾರರ ಹೆಸರನ್ನು ಬಲದ ಪ್ರಕಾರ ಬರೆದು ಗೋಡೆಗೆ ಅಂಟಿಸಿದ್ದರು. ಇಪ್ಪತ್ತೆರಡು ಹೆಸರು. ಮೊದಲನೆಯದು ಇವರದು. ಅವರು ಅದನ್ನು ದೂರದಿಂದ ಓದಿದರು. ಹತ್ತಿರ ಹೋಗಿ ಇನ್ನೊಮ್ಮೆ ಓದಿದರು.

ನಾಲ್ವರು ಉಳಿದಾಗ ಇವರಿಗೆ ಎದುರಾದವನು ಪಟ್ಟಿಯಲ್ಲಿ ಹತ್ತೊಂಬತ್ತನೆಯವನು. ಮುಳಬಾಗಿಲಿನ ಆಚೆ ಹಿಪ್ಪುನೇರಳೆ ಬೆಳೆಯುವವನು, ಮುನಿಶಾಮಪ್ಪ. ಮೂವತ್ತರ ಒಳಗಿನ ವಯಸ್ಸು. ಅವನು ಅಲ್ಲಿಯ ತನಕ ಹೇಗೆ ಬಂದನೆಂದು ಅವನಿಗೇ ಆಶ್ಚರ್ಯವಾದ ಹಾಗಿತ್ತು. ಸರ್ವೇಯರು ನನ್ನ ಕಡೆ ತಿರುಗಿ, "ಹತ್ತೊಂಬತ್ತು. ಕಾಫಿ ಹೊತ್ತಿಗೆ ಮುಗೀತದೆ" ಎಂದರು. ಇವನನ್ನು ಗೆದ್ದರೆ ಬೆಂಗಳೂರು.

ಮುಗಿಯಲಿಲ್ಲ. ಮುನಿಶಾಮಪ್ಪ ನಿಧಾನವಾಗಿ ಆಡುತ್ತಿದ್ದ. ಅವನ ಮಂತ್ರಿ, ಒಂಟೆ ಎರಡೂ ಸರ್ವೇಯರ ರಾಜನ ಮೂಲೆಯನ್ನು ದಿಟ್ಟಿಸುತ್ತಿದ್ದವು. ಇನ್ನೊಂದು ನಡೆಗೆ ಮಾತ್, ರಾಜ ಸಿಕ್ಕಿಬಿದ್ದು ಆಟ ಮುಗಿದಂತೆ. ಇವರಿಗೆ ಉಪಾಯವಿತ್ತು. ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ಇಟ್ಟಿದ್ದರೆ ಸಾಕಿತ್ತು. ಕಿಟಕಿಯ ಹೊರಗಿದ್ದ ನನಗೇ ಅದು ಕಂಡಿತು. ಸರ್ವೇಯರ ಕೈ ಎದ್ದಿತು. ಕಿರುಬೆರಳು ಚಾಚಿಕೊಂಡಿತು. ಕೈ ಕಾಲಾಳಿನ ಕಡೆ ಹೋಗದೆ ರಾಜನನ್ನು ಎತ್ತಿ, ಕಾಯಿಗಳ ಸಾಲನ್ನು ದಾಟಿಸಿ, ಎರಡು ಮನೆ ಆಚೆ ಒಂದು ಮನೆ ಪಕ್ಕಕ್ಕೆ ಇಟ್ಟಿತು. ಕುದುರೆಯ ನಡೆ. ಜಗಲಿಯ ನಡೆ. ತಾವೇ ಊರಿಗೆಲ್ಲ ನಿಲ್ಲಿಸಿದ ನಡೆ.

ಎದುರಿನವನಿಗೆ ತಪ್ಪು ಕಾಣಲಿಲ್ಲ. ಅವನ ಊರಿನಲ್ಲಿ ಅದು ಸರಿಯಾದ ನಡೆಯೇ. ಗಲ್ಲದ ಮೇಲೆ ಕೈಯಿಟ್ಟುಕೊಂಡು ಮುಂದೇನು ಎಂದು ಯೋಚಿಸತೊಡಗಿದ. ಗಡಿಯಾರ ನೋಡಿಕೊಳ್ಳುತ್ತಿದ್ದ ನಾರಾಯಣಸ್ವಾಮಿ ನೀರಿನ ಲೋಟ ಎತ್ತಿಕೊಂಡಿದ್ದ. ತೀರ್ಪುಗಾರರು ಆಚೆ ಮೇಜಿನ ಬಳಿ ಇದ್ದರು. ನಡೆಯನ್ನು ಹಾಳೆಯಲ್ಲಿ ಬರೆಯಬೇಕೆಂಬ ನಿಯಮವಿತ್ತು. ಸರ್ವೇಯರು ಪೆನ್ಸಿಲು ಹಿಡಿದು ಬಗ್ಗಿದರು. ಪೆನ್ಸಿಲಿನ ಮೊನೆ ಹಾಳೆಯ ಮೇಲೆ ನಿಂತಿತು, ಬರೆಯಲಿಲ್ಲ.

ಎಷ್ಟು ಹೊತ್ತು ನಿಂತಿತೆಂದು ಹೇಳಬಲ್ಲೆ. ನಾರಾಯಣಸ್ವಾಮಿ ನೀರು ಕುಡಿದು, ಲೋಟ ಕೆಳಗಿಟ್ಟು, ಟವೆಲಿನಿಂದ ಬಾಯಿ ಒರೆಸಿಕೊಂಡ. ಅಷ್ಟು ಹೊತ್ತು. ಆಮೇಲೆ ಸರ್ವೇಯರು ತಲೆ ಎತ್ತಿದರು. ನೇರವಾಗಿ ಕಿಟಕಿಯ ಕಡೆ, ನನ್ನ ಕಡೆ ನೋಡಿದರು. ಅದಾದ ಮೇಲೆ ಕೈ ಎತ್ತಿ ತೀರ್ಪುಗಾರರನ್ನು ಕರೆದರು.

"ನಾನು ತಪ್ಪು ಆಡಿದೀನಿ" ಎಂದರು. "ರಾಜನ್ನ ನೆಗೆಸಿಬಿಟ್ಟೆ."

"ಹಾಗಾದರೆ ಕಾಯಿ ವಾಪಸ್ ಇಡಿ. ಆದರೆ ರಾಜನ್ನ ಮುಟ್ಟಿದ್ದೀರಿ, ರಾಜನ್ನೇ ನಡೆಸಬೇಕು."

ಮುನಿಶಾಮಪ್ಪ ಅರ್ಧ ಎದ್ದ. "ಪೋನೀಲೇ ಸಾರ್, ಹೋಗ್ಲಿ, ದೊಡ್ಡೋರು, ಬೇರೆ ಏನಾರ ಆಡ್ಲಿ ಬಿಡಿ. ನಂದೇನೂ ಅಭ್ಯಂತರ ಇಲ್ಲ."

"ನಿಮ್ಮ ಅಭ್ಯಂತರ ಕೇಳಿಲ್ಲ ರೀ" ಎಂದರು ತೀರ್ಪುಗಾರರು.

ರಾಜನಿಗೆ ಹೋಗಲು ಒಂದೇ ಮನೆ ಇತ್ತು, ಮೂಲೆ. ಸರ್ವೇಯರು ಇಟ್ಟರು. ಮುನಿಶಾಮಪ್ಪ ಬಹಳ ಹೊತ್ತು ಮಂತ್ರಿಯನ್ನು ಎತ್ತಲಿಲ್ಲ. "ಆಡಯ್ಯಾ" ಎಂದು ಇವರೇ ಗದರಿದರು. ಆಡಿದ. ಮಾತ್.

ಸುತ್ತ ಸೇರಿದ್ದವರಲ್ಲಿ ಯಾರೋ ನಕ್ಕರು. "ಸರ್ವೇರ್ ಸಾಹೇಬ್ರು ರಾಜನ್ನ ಕುದುರೆ ಹತ್ತಿಸಿದ್ರಂತೆ ಕಣ್ಲಾ!"

ವಾಪಸು ಬಸ್ಸು ಮೂರು ಮೈಲಿ ಬಂದಿತ್ತು. ಸರ್ವೇಯರು, ನನ್ನ ಕಡೆ ನೋಡದೆ, "ನೀನ್ಯಾಕೆ ಅಲ್ಲಿ ನಿಂತಿದ್ದೆ?" ಎಂದರು.

"ನಿಮ್ಮ ಆಟ ನೋಡೋಣ ಅಂತ ಸಾರ್."

"ಒಳಗೆ ಕುರ್ಚಿ ಇರ್ಲಿಲ್ವಾ? ಅಲ್ಲೇ ಆಗಬೇಕಿತ್ತಾ? ನೀನು ಅಲ್ಲಿ ನಿಂತಿಲ್ದಿದ್ರೆ ನಾನು ಇವತ್ತು ಗೆದ್ದಿರ್ತಿದ್ದೆ ಕಣೋ. ಆ ರೇಷ್ಮೆಹುಳದವನ ಹತ್ರ ಸೋಲ್ತಿದ್ನಾ ನಾನು? ಹತ್ತೊಂಬತ್ತನೆಯವನ ಹತ್ರ?"

ಈ ಮಾತು ನನ್ನನ್ನು ಸುಟ್ಟಿತು. ನಾನು ದೇವರ ಹಾಗೆ ನೋಡಿದ ಮನುಷ್ಯ ಒಪ್ಪಿಕೊಂಡದ್ದು ನಾನು ನೋಡುತ್ತಿದ್ದೆನೆಂದು ಮಾತ್ರವೇ? ಅವರೇ ಹಾಗೆ ಹೇಳುತ್ತಿದ್ದರು. ನಾನು ನಂಬಿದೆ.

ಶ್ರೀನಿವಾಸಪುರಕ್ಕೆ ಸುದ್ದಿ ಬೇರೆ ಥರ ಬಂತು. ಸರ್ವೇಯರು ಕಳ್ಳಾಟ ಆಡಿ ಸಿಕ್ಕಿಬಿದ್ದರಂತೆ ಎಂದು. ಬುಧವಾರ ಸಂಜೆ ಜಗಲಿಯಲ್ಲಿ ಎಂಟು ಹತ್ತು ಜನರಿದ್ದರು. ಸೈಕಲ್ ಅಂಗಡಿಯವನು ನನ್ನನ್ನು ತಡೆದ. "ನೀವಿದ್ರಲ್ಲ ಸ್ವಾಮಿ ಅಲ್ಲಿ. ನಿಜ ಹೇಳಿ. ಅವರಾಗೇ ಹೇಳಿದ್ರಾ, ಇಲ್ಲ ಹಿಡಿದ್ರಾ?"

"ಅವರಾಗೇ ಹೇಳಿದರು" ಎಂದಿದ್ದರೆ ಸಾಕಿತ್ತು. ಅದು ನಿಜ. ಆದರೆ ನಿಂತುಹೋದ ಪೆನ್ಸಿಲು ಕಣ್ಣ ಮುಂದೆ ಬಂತು, ಬಸ್ಸಿನ ಮಾತು ಕಿವಿಯಲ್ಲಿತ್ತು. ಅಷ್ಟು ನಿಜ ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ ಎಂದುಕೊಂಡೆ. ನೋವೂ ಇತ್ತು, ಸಣ್ಣತನವೂ ಇತ್ತು. "ನಾನು ದೂರದಲ್ಲಿದ್ದೆ. ಸರಿಯಾಗಿ ಕಾಣಿಸಲಿಲ್ಲ" ಎಂದೆ.

ಸೈಕಲ್ ಅಂಗಡಿಯವನ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ತಿರುಗಿದೆ. ಸರ್ವೇಯರು ಸೈಕಲ್ಲಿಗೆ ಗಾಳಿ ಹಾಕಿಸಲು ಬಂದು ನಿಂತಿದ್ದರು.

"ಆರಡಿ" ಎಂದರು. "ಆರಡಿಲಿದ್ದೆ ನೀನು."

ಗಾಳಿ ಹಾಕಿಸದೆ ಸೈಕಲ್ಲನ್ನು ತಳ್ಳಿಕೊಂಡು ಹೋದರು.

ಮತ್ತೆ ಅವರು ಜಗಲಿಗೆ ಬರಲಿಲ್ಲ. ಮನೆಯಲ್ಲೂ ಆಡಲಿಲ್ಲವೆಂದು ಆಮೇಲೆ ಕೇಳಿದೆ. ಸೋಲನ್ನು ಅವರು ತಡೆದುಕೊಳ್ಳಬಲ್ಲವರು, ಹಿಂದೆ ಎರಡು ವರ್ಷ ತಡೆದುಕೊಂಡಿದ್ದರು. ಹತ್ತೊಂಬತ್ತನೆಯವನಿಗೆ ಸೋತದ್ದನ್ನೂ ಆರು ತಿಂಗಳಲ್ಲಿ ನುಂಗಿಕೊಳ್ಳುತ್ತಿದ್ದರೇನೋ. ಕಳ್ಳ ಎಂಬ ಮಾತನ್ನು ನುಂಗಲಾಗಲಿಲ್ಲ. ಹೊಲ ಅಳೆಯಲು ಹೋದಲ್ಲಿ, "ಸಾರ್, ನೀವು ನೆಟ್ಟ ಕಲ್ಲು ರಾತ್ರಿ ನೆಗೆಯಲ್ಲ ತಾನೆ?" ಎಂದು ಒಬ್ಬ ರೈತ ನಗೆಯಾಡಿದ. ಅಂದು ಅವರು ಅದೇ ಹೊಲವನ್ನು ಮೂರು ಸಲ ಅಳೆದರು. ಅಳೆದದ್ದನ್ನು ಮತ್ತೆ ಮತ್ತೆ ಅಳೆಯುವುದು ಅಲ್ಲಿಂದ ಅವರಿಗೆ ಚಾಳಿಯಾಯಿತು. ಕಡತಗಳು ಉಳಿದುಹೋದವು, ಮೇಲಿನವರಿಂದ ಮಾತು ಬಂತು. ನನ್ನೊಡನೆ ಕೆಲಸದ ಮಾತು ಮಾತ್ರ. "ಕಣೋ" ಹೋಗಿ "ನೀವು" ಬಂತು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ನಿವೃತ್ತಿಯ ನಂತರ ಸ್ವಂತ ಊರಾದ ವಕ್ಕಲೇರಿಯ ಕಡೆಗೆ ಹೋದರು. ಒಮ್ಮೆ ಹೋಗಿ ಕಂಡೆ. ಅಂಗಳದಲ್ಲಿ ಕೂತಿದ್ದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. "ಸಾರ್, ಆ ದಿನ ಜಗಲಿಯಲ್ಲಿ..." ಎನ್ನುವಷ್ಟರಲ್ಲಿ, "ಹಾಲು ಹಾಕೋ ಹೊತ್ತಾಯ್ತು" ಎಂದು ಎದ್ದು ಡೈರಿಯ ಕಡೆ ನಡೆದರು. ಕ್ಯಾನು ಹಿಡಿದಿದ್ದ ಕೈಯಲ್ಲೂ ಆ ಬೆರಳು ನೆಟ್ಟಗೇ ಇತ್ತು. ಎಂಬತ್ತಾರರಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಹನ್ನೊಂದು ದಿನವಾದ ಮೇಲೆ.

ಮರುವರ್ಷ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಅಣ್ಣತಮ್ಮಂದಿರ ಪಾಲಿನ ಅಳತೆಗೆ ಅರ್ಜಿ ಹಿಡಿದುಕೊಂಡು ಒಂದು ದಿನ ಒಬ್ಬರು ಬಂದು ನಿಂತರು. ಮುನಿಶಾಮಪ್ಪ. ನನ್ನ ಗುರುತು ಅವರಿಗೆ ಸಿಗಲಿಲ್ಲ. ನಾನೇ ಹೇಳಿ, ಹೊರಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ಸರ್ವೇಯರು ತೀರಿಹೋದರೆಂದು ಕೇಳಿ ಅವರು ಲೋಟ ಕೆಳಗಿಟ್ಟರು.

"ಅಂಥೋರು ಇಲ್ಲ ಸ್ವಾಮಿ" ಎಂದರು. "ನಂಗೆ ಗೊತ್ತೇ ಆಗಿರ್ಲಿಲ್ಲ. ಅವರು ಬರೆಯೋಕೆ ಬಗ್ಗಿದ್ರಲ್ಲ, ಹಂಗೇ ಬಗ್ಗಿಕೊಂಡೇ ಮೆಲ್ಲಗೆ ಅಂದ್ರು, 'ತಪ್ಪು ಚೇಶಾನಯ್ಯಾ, ನೀದೇ ಗೆಲುಪು' ಅಂತ. ತಪ್ಪು ಮಾಡಿದೆ, ಗೆಲುವು ನಿಂದೇ ಅಂತ. ನಂಗೆ ತಲೆಬುಡ ತಿಳೀಲಿಲ್ಲ. ಏನು ತಪ್ಪು ಸಾರ್ ಅಂತ ಕೇಳೋದ್ರಾಗೆ ತಲೆ ಎತ್ತಿ ಕೈ ಎತ್ತಿದ್ರು."

"ಮೊದಲು ಹೇಳಿದರೋ, ಮೊದಲು ತಲೆ ಎತ್ತಿದರೋ?" ಎಂದು ಕೇಳಿದೆ. ಎರಡು ಸಲ ಕೇಳಿದೆ.

"ಮೊದಲು ಹೇಳಿದ್ರು. ನಾನು ಎದುರಿಗೇ ಕೂತಿದ್ನಲ್ಲ."

ಲೆಕ್ಕ ಹಾಕುವಾಗ, ಮನಸ್ಸಿಗೆ ಪೆಟ್ಟಾದಾಗ ಅವರಿಗೆ ತೆಲುಗು ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ಆ ಮಾತು ಕಿಟಕಿಯ ತನಕ ಬರಲಿಲ್ಲ. ಬಸ್ಸಿನಲ್ಲಿ ಸೋಲನ್ನು ನನ್ನ ಮೇಲೆ ಯಾಕೆ ಹಾಕಿದರೋ ಅರಿಯೆ. ಸೋತ ಸಿಟ್ಟಿಗೆ ಯಾರಾದರೂ ಬೇಕಿತ್ತು, ನಾನು ಪಕ್ಕದಲ್ಲಿದ್ದೆ ಎಂದುಕೊಳ್ಳುತ್ತೇನೆ. ಇದು ನಾನು ಅಂದುಕೊಂಡದ್ದು, ನೋಡಿದ್ದಲ್ಲ.

ನೋಡಿದ್ದು ಮೇಲೆ ಬರೆದಷ್ಟು. ತೀರ್ಪುಗಾರರು ತೀರಿಹೋಗಿದ್ದಾರೆ. ಅಂದು ನಕ್ಕವರು ಯಾರೆಂದು ನನಗೆ ತಿಳಿಯದು. ಗಡಿಯಾರದ ನಾರಾಯಣಸ್ವಾಮಿ ಮಾಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದ, ನೆನಪು ಚೆನ್ನಾಗಿದೆ. ಮುನಿಶಾಮಪ್ಪ ಅದೇ ಊರಿನಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಕೇಳದಿದ್ದರೂ ಹೇಳುತ್ತಾರೆ, ಎಲ್ಲರಿಗೂ ಹೇಳಿಕೊಂಡೇ ಬಂದಿದ್ದಾರೆ. ಹೇಳದೆ ಉಳಿದವನು ನಾನೊಬ್ಬನೇ.